ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕಾಕ್‌ಟೇಲು

ನಾರಾಯಣಪೇಟೆಯಲ್ಲಿ ಮನೆಯಲ್ಲೇ ಕಾಕ್‌ಟೇಲು ಮಾಡುವವರು ಎಷ್ಟು ಜನರಿದ್ದಾರೋ ನನಗೆ ಗೊತ್ತಿಲ್ಲ. ಆದರೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿಕೊಂಡು, ಆಮೇಲೆ ಜಿನ್ ಬಾಟಲಿಯ ಮುಚ್ಚಳ ತೆಗೆಯುತ್ತಿದ್ದವರು ಇಡೀ ಜಿಲ್ಲೆಗೆ ನಮ್ಮ ಅತ್ತೆಯೊಬ್ಬರೇ ಎಂದು ಆಣೆ ಮಾಡಿ ಹೇಳಬಲ್ಲೆ! ಅತ್ತೆಯೆಂದರೆ ಅಪ್ಪನ ಅಕ್ಕ. ಜನ್ಮದಲ್ಲಿ ಒಂದು ಹನಿಯನ್ನೂ ನಾಲಿಗೆಗೆ ಸೋಕಿಸಿದವರಲ್ಲ. ಕುಡಿಯುತ್ತಿದ್ದುದು ಅಪ್ಪ.

ಅವ್ವ ತೀರಿಹೋದ ಮೇಲೆ ಅಪ್ಪ ಸಂಜೆಯಾದರೆ ಬಸ್ ಸ್ಟ್ಯಾಂಡ್ ದಾರಿಯ ವೈನ್ಸ್ ಅಂಗಡಿಗೆ ಹೋಗತೊಡಗಿದ್ದರು. ಒಂದು ಸಂಜೆ ಗಟಾರದಲ್ಲಿ ಬಿದ್ದು ಕೈ ಮುರಿದುಕೊಂಡರು. ಸುದ್ದಿ ಅತ್ತೆಯ ಊರು ಗದ್ವಾಲಕ್ಕೆ ಮುಟ್ಟಿತು. ಮರುದಿನದ ಬಸ್ಸಿಗೇ ಅತ್ತೆ ಬಂದಿಳಿದರು. ಗಂಡನಿಲ್ಲ, ಮಕ್ಕಳಿಲ್ಲ. ಸೀರೆಯ ರೇಷ್ಮೆಗೆ ಬಣ್ಣ ಹಾಕುತ್ತಲೇ ಆಯುಷ್ಯ ಸವೆಸಿದ ಹೆಂಗಸು. ತಮ್ಮನನ್ನು ಬೈಯಲಿಲ್ಲ, ಮುಂದೆ ಕೂತು ಅಳಲೂ ಇಲ್ಲ.

“ತಮ್ಮಾ, ಕುಡಿಯೂದಿದ್ರ ಮನ್ಯಾಗ ಕುಡಿ. ನಾ ಮಾಡಿ ಕೊಡ್ತೀನಿ. ನೀ ಬಿಟ್ಟ ಮರುದಿನ ನಾ ಗದ್ವಾಲಕ್ಕ ಹೊಂಟೆ” ಎಂದರು.

“ಅದೆಲ್ಲಾ ನಿನಗೇನ ಬರ್ತೈತಿ ಅಕ್ಕಾ?”

“ಇಷ್ಟು ವರ್ಷ ಬಣ್ಣ ಕಲಸಿದಾಕಿಗೆ ಸೆರಿ ಕಲಸಾಕ ಬರಂಗಿಲ್ಲೇನು?”

ಕಲಿಯಲು ನನ್ನ ಫೋನೇ ಗುರು. ವಸಂತಕ್ಕೆ ಹಗುರವಾದ, ತಂಪಾದ ಕಾಕ್‌ಟೇಲುಗಳ ವಿಡಿಯೋಗಳಿಗೇನು ಬರವೇ? ಆದರೆ ವಿಡಿಯೋದವರ ಇಂಗ್ಲಿಷಿನಿಂದ ತಲೆ ಸಿಡಿಯುತ್ತದೆಂದು ಅತ್ತೆ ದನಿ ಬಂದ್ ಮಾಡಿ ನೋಡುತ್ತಿದ್ದರು. ಹಾಗಾಗಿ ಅವರಿಗೆ ದಕ್ಕಿದ್ದು ಬಣ್ಣ ಒಂದೇ! ಗ್ಲಾಸಿನಲ್ಲಿ ಹಳದಿ ಕಂಡಿತೆನ್ನಿ, ಅದು ಅನಾನಸ್ಸೋ ಮಾವೋ ಯಾರಿಗೆ ಬೇಕು? ಅರಿಶಿನ ಬಿತ್ತು. ಅಪ್ಪ ಒಂದು ಗುಟುಕು ಕುಡಿದು, ಸುತ್ತ ನೋಡಿ ಕೇಳಿದರು: “ಅಕ್ಕಾ, ಇದಕ್ಕ ಅನ್ನ ಎಲ್ಲೈತಿ?”

ಗುಲಾಬಿ ಬಣ್ಣಕ್ಕೆ ಬೀಟ್‌ರೂಟು. ಅಪ್ಪನ ಬಿಳಿ ಮೀಸೆ ಕೆಂಪಾಗಿ ಅವರು ಎರಡು ದಿನ ಹೊಸ್ತಿಲು ದಾಟಲಿಲ್ಲ. “ಚಲೋನೇ ಆತು” ಎಂದರು ಅತ್ತೆ. ನೀಲಿ ಬಣ್ಣಕ್ಕೆ ಶಂಖಪುಷ್ಪ! ಪೂಜೆಯ ಹೂವನ್ನು ಜಿನ್ನಿಗೆ ಹಾಕುವುದು ಪಾಪವಲ್ಲವೇ ಎಂದು ನಾನು ಹೆದರಿದರೆ, “ಶಿವಾ ವಿಷಾನೇ ಕುಡಿದಾನ. ಇದಕ್ಕೇನಂತಾನ, ಸುಮ್ಕಿರು” ಎಂದುಬಿಟ್ಟರು. ಪ್ರತಿ ಗ್ಲಾಸಿಗೂ ಬಿಳಿ ರೇಷ್ಮೆಯ ಎಳೆಯೊಂದನ್ನು ಅದ್ದಿ, ಕಿಟಕಿಯ ಬೆಳಕಿಗೆ ಹಿಡಿದು, “ಗಟ್ಟಿ ಆತು, ಇನ್ನೂ ತಿಳಿ ಆಗಬೇಕು” ಎಂದು ನೀರು ಬೆರೆಸುವರು. ಎಳೆ ಒಪ್ಪಿದರೆ ಅಪ್ಪ ಒಪ್ಪಲೇಬೇಕು!

ಬಾಟಲಿ ತರಲು ತಾವೇ ಹೋಗುತ್ತಿದ್ದರು. ತಲೆತುಂಬ ಸೆರಗು ಹೊದ್ದು ವೈನ್ಸ್ ಮುಂದೆ ಅತ್ತೆ ನಿಂತರೆ ಅಲ್ಲಿದ್ದ ಗಂಡಸರ ಗತಿ ಏನಾಗಬೇಡ? ಒಬ್ಬ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಒಬ್ಬ ದಾರಿ ತಪ್ಪಿ ಬಂದವನಂತೆ ಮಕ್ತಲದ ಬಸ್ಸು ಎಷ್ಟಕ್ಕೆ ಎಂದು ಅವರನ್ನೇ ಕೇಳಿದ! ಕೊನೆಗೆ ತೆಲುಗು ಬೆರೆಸಿ ಮಾತಾಡುವ ಅಂಗಡಿಯವನು ಕೈಮುಗಿದ: “ಅಕ್ಕಾ, ಮೀಕು ದಂಡಂ! ಬಾಟ್ಲಿ ಮನಿಗೇ ಕಳಸ್ತೀನ್ರಿ. ನೀವು ಬಂದ್ರ ನನ್ನ ಗಿರಾಕಿ ಎಲ್ಲಾ ಓಡಿ ಹೋಗ್ತಾರ್ರಿ.”

“ಹಂಗಾದ್ರ ದಿನಾ ಬರ್ತೀನಿ ಬಿಡು” ಎಂದು ಹೇಳಿ ಬಂದರು.

ಬೇಸಿಗೆ ಬಲಿಯುವ ಹೊತ್ತಿಗೆ ಅವರ ಕೈ ಕುದುರಿತ್ತು. ಯುಗಾದಿಗೆ ನಮ್ಮಲ್ಲಿ ಹೊಸ ಮಡಕೆಯಲ್ಲಿ ಹುಣಸೆಹುಳಿ, ಬೆಲ್ಲ, ಮಾವಿನಕಾಯಿ, ಬೇವಿನ ಹೂ ಕಲಸಿ ಬೇವು ಕುಡಿಯುತ್ತಾರಲ್ಲ, ಅದನ್ನೇ ತೆಳ್ಳಗೆ ಸೋಸಿ, ಪುದೀನ ಜಜ್ಜಿ ಹಾಕಿ, ಮೇಲೆ ನೆನೆಸಿದ ಕಾಮಕಸ್ತೂರಿ ಬೀಜ ತೇಲಿಸಿ ಕೊಡುವರು. ಜಿನ್ನಿಲ್ಲದ್ದು ನನಗೂ ಒಂದು ಗ್ಲಾಸು. ಆಹಾ, ಬಿಸಿಲಿಗೆ ಬಾಡಿದ ಜೀವ ಚಿಗುರುತ್ತಿತ್ತು.

ಹೀಗಿರುವಾಗ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಅತ್ತೆ ವೈನ್ಸ್‌ಗೆ ಹೋಗದೆ ಬಹಳ ದಿನಗಳಾಗಿದ್ದವು. ಬಾಟಲಿ ಮಾತ್ರ ಖಾಲಿಯೇ ಆಗುತ್ತಿರಲಿಲ್ಲ! ಅಡುಗೆಮನೆಯಲ್ಲಿ ಕೇಳಿದೆ.

“ಬಣ್ಣ ತಿಳಿ ಮಾಡೂದಂದ್ರ ಹಿಂಗವ್ವಾ. ದಿನಾ ಒಂಚೂರು. ನಿನ್ನಿಗೂ ಇವತ್ತಿಗೂ ಫರಕು ಕಾಣಬಾರದು.”

“ಈಗ ಬಾಟ್ಲಿಯೊಳಗ ಏನೈತಿ?”

“ಕಾಸಿ ಆರಿಸಿದ ನೀರು.”

ಆ ಸಂಜೆ ಅಪ್ಪ ಗ್ಲಾಸು ಮುಗಿಸಿ, ತಲೆ ಕೊಡವಿ, “ಇವತ್ತು ಜರಾ ಜಾಸ್ತಿನೇ ಏರೇತಿ ಅಕ್ಕಾ!” ಎಂದು ತಾಳ ತಪ್ಪಿ ಹಾಡತೊಡಗಿದರು. ನಾವಿಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು.

“ಹಂಗಾದ್ರ ಅಪ್ಪ ಬಿಟ್ಟಂಗೇ ಆತಲ್ಲ ಅತ್ತಿ. ಊರಿಗೆ ಹೋಗ್ತೀರೇನು?”

“ಅವಗ ಗೊತ್ತಿಲ್ಲಲ್ಲ. ಗೊತ್ತಾಗೂತನಕ ಬಿಟ್ಟಂಗಲ್ಲ” ಎಂದು ಅತ್ತೆ ಪುದೀನ ಬಿಡಿಸತೊಡಗಿದರು.

ಹೀಗೆಯೇ ಎರಡು ಬೇಸಿಗೆ ನಡೆಯಿತು. ಈ ಚಳಿಗಾಲದಲ್ಲಿ ಅತ್ತೆ ಹೋದರು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ.

ಬಂದ ನೆಂಟರೆಲ್ಲ ತಿರುಗಿ ಹೋದ ಸಂಜೆ ಅಪ್ಪ ಅಂಗಿ ತೊಟ್ಟು, ಚಪ್ಪಲಿ ಮೆಟ್ಟಿದರು. ಎಲ್ಲಿಗೆಂದು ಕೇಳುವ ಧೈರ್ಯವಾಗದೆ ಹಿಂದೆಯೇ ನಡೆದೆ. ವೈನ್ಸ್ ಬಂತು. ಅಪ್ಪ ಆ ಕಡೆ ತಿರುಗಿಯೂ ನೋಡಲಿಲ್ಲ. ನೇರ ಬಸ್ ಸ್ಟ್ಯಾಂಡಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತರು. ನಾನೂ ಕೂತೆ. ಸ್ವಲ್ಪ ಹೊತ್ತಿಗೆ ಗದ್ವಾಲದ ಬಸ್ಸು ಬಂದು ನಿಂತಿತು.

“ಬಾಟ್ಲಿಯೊಳಗ ಬರೇ ನೀರು ಉಳಿದ ದಿನಾನೇ ನನಗ ಗೊತ್ತಾಗಿತ್ತವ್ವಾ” ಎಂದರು ಅಪ್ಪ. “ಬಿಟ್ಟೀನಿ ಅಂದಿದ್ರ ಅಕ್ಕ ಈ ಬಸ್ ಹತ್ತತಿದ್ಲು. ಅಲ್ಲಿ ಆಕಿಗೆ ಯಾರದಾರ?”

ಬಸ್ಸು ಜನರನ್ನು ತುಂಬಿಕೊಂಡು ಹೊರಟಿತು. ಅದು ಕಣ್ಮರೆಯಾಗುವವರೆಗೆ ನೋಡಿ ಅಪ್ಪ ಎದ್ದರು.

“ನಡಿ, ಮನಿಗೆ ಹೋಗೂಣು.”