ಸಂಜೆ ಬಸ್ಸಿನ ಸರ್ವೆ

ಮನೆಮನೆ ತಿರುಗಿ ಸರ್ವೆ ಮಾಡುವವರು ನಗುವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಬಾಗಿಲು ತಟ್ಟಿದರೆ ಸಾಕು, ಅದೇ ಚಾಪೆ ಹಾಸಿ ಕೂರಿಸುತ್ತದೆ. ನಕ್ಕು ಹೊರಗೆ ಬಂದಮೇಲೆ ಕಣ್ಣೊರೆಸಿಕೊಳ್ಳುವುದು ಮಾತ್ರ ನಮ್ಮ ಪಾಲಿಗೆ ಬಿಟ್ಟದ್ದು.

ಇತರೆ

ಹುಡುಗಿಯರು ಕಾಲೇಜು ಯಾಕೆ ಬಿಡುತ್ತಾರೆ ಎಂಬ ಸಂಶೋಧನೆ. ಚಳ್ಳಕೆರೆಯಿಂದ ಟ್ಯಾಬ್ ಹಿಡಿದು ಮೊಳಕಾಲ್ಮೂರಿನಾಚೆಯ ಒಂದು ನೇಕಾರರ ಊರಿಗೆ ಹೋದೆ. ಪಿಯುಸಿ ಅರ್ಧಕ್ಕೆ ಬಿಟ್ಟ ಹುಡುಗಿಯೊಬ್ಬಳು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತಿದ್ದಳು.

"ಯಾಕಮ್ಮ ಬಿಟ್ಟೆ?"

"ಸಂಜೆ ಬಸ್ಸಿಲ್ಲಕ್ಕ. ಕಾಲೇಜು ಬಿಡೋ ಹೊತ್ತಿಗೆ ಕೊನೇ ಬಸ್ ಹೋಗಿರ್ತೈತೆ."

ಟ್ಯಾಬಿನಲ್ಲಿದ್ದ ಉತ್ತರಗಳು: ಬಡತನ, ಅನಾಸಕ್ತಿ, ಕಾಯಿಲೆ, ಮದುವೆ, ಇತರೆ. ಬಸ್ಸಿಗೆ ಜಾಗವಿಲ್ಲ. "ಇತರೆ ಅಂತ ಹಾಕ್ತೀನಿ" ಎಂದೆ.

ಅವಳು ಲಾಳಿ ನಿಲ್ಲಿಸಿ ಕೇಳಿದಳು: "ಈ ಇತರೆ ಮೊಳಕಾಲ್ಮೂರಿಂದ ಎಷ್ಟೊತ್ತಿಗೆ ಬಿಡ್ತೈತಕ್ಕ?"

ಬಸ್ಸು ಬಂತು

ಸುತ್ತಲ ಊರುಗಳಲ್ಲೆಲ್ಲ ಅದೇ ಉತ್ತರ. ಕೊನೆಗೆ ವರದಿಯಲ್ಲಿ 'ಇತರೆ'ಯೇ ಎಲ್ಲಕ್ಕಿಂತ ದಪ್ಪಗೆ ಬೆಳೆದು ನಿಂತಿತು. ಇದೇನಿದು ಎಂದು ದೊಡ್ಡವರು ಗಾಬರಿಯಾಗಿ ನಮ್ಮನ್ನು ಕೇಳಿದರು, ನಾವು ಬಸ್ಸು ಎಂದೆವು. ಮರುವರ್ಷ ನಿಜವಾಗಿಯೂ ಸಂಜೆ ಬಸ್ಸು ಬಂತು! ಕೇಳಿದ್ದು ಬರೆದಿದ್ದಕ್ಕೆ ಗಾಲಿ ಬಂದದ್ದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಹಿಗ್ಗಿ ಅದೇ ಬಸ್ಸು ಹತ್ತಿದೆ.

ಒಳಗೆ ಆ ಹುಡುಗಿಯ ತಂಗಿ ಕೂತಿದ್ದಳು, ಆಗತಾನೇ ಕಾಲೇಜು ಸೇರಿದವಳು.

"ನಿಮ್ಮಕ್ಕ ಎಲ್ಲಮ್ಮ?"

"ಮದ್ವೆ ಆತಕ್ಕ. ಕಲ್ಯಾಣದುರ್ಗದ ಕಡೆ ಕೊಟ್ರು."

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ನನ್ನ ಮುಖ ನೋಡಿ ಅವಳೇ ಸಮಾಧಾನ ಹೇಳಿದಳು: "ಬಸ್ಸು ಲೇಟಾತು ಕಣಕ್ಕ. ಗಂಡು ಮಾತ್ರ ಕರೆಕ್ಟ್ ಟೈಮಿಗೆ ಬಂದ್ಬಿಟ್ಟ."

ಕುಳ್ಳಗಾದ ಹುಡುಗಿ

ಬಸ್ಸಿನಿಂದ ಪ್ರಯೋಜನವಾಯಿತೇ ಎಂದು ತಿಳಿಯಲು ಎರಡನೇ ಸರ್ವೆ. ಮೊದಲು ಮಾತಾಡಿಸಿದ ಹುಡುಗಿಯರನ್ನೇ ಮತ್ತೆ ಮಾತಾಡಿಸಬೇಕು, ಹೋದ ಸಲದ ಹಾಗೆಯೇ ಎತ್ತರ ತೂಕವನ್ನೂ ಅಳೆಯಬೇಕು. ಮಗ್ಗದ ಮನೆಯ ಆ ಅಕ್ಕತಂಗಿಯರ ತಾಯಿ ಚಿಕ್ಕವಳನ್ನು ತಂದು ನನ್ನೆದುರು ನಿಲ್ಲಿಸಿದರು. "ಇವಳೇ ನಮ್ ಪೆದ್ದಮ್ಮಾಯಿ" ಎಂದರು. ಅವರ ಮನೆಮಾತು ತೆಲುಗು. ದೊಡ್ಡ ಮಗಳು ಎಂದರ್ಥ. ಚಿಕ್ಕವಳು ತುಟಿ ಕಚ್ಚಿ ನಗು ನುಂಗುತ್ತಿದ್ದಳು.

"ಅಮ್ಮಾ, ಇವಳನ್ನ ನಾನು ಬಸ್ಸಲ್ಲಿ ನೋಡಿದೀನಿ" ಎಂದೆ.

ತಾಯಿ ನನ್ನ ಕೈ ಹಿಡಿದುಕೊಂಡರು. "ದೊಡ್ಡೋಳು ಓದು ಬಿಟ್ಟು ಮದ್ವೆ ಆದ್ಲು ಅಂತ ಬರೆದ್ರೆ, ಬಸ್ಸಿಂದ ಏನೂ ಆಗ್ಲಿಲ್ಲ ಅಂತ ನಿಲ್ಲಿಸ್ತಾರೆ ಮೇಡಂ. ಬಸ್ ನಿಂತ್ರೆ ಇವಳೂ ನಿಲ್ತಾಳೆ."

ಆ ಕೈ ಬಿಡಿಸಿಕೊಳ್ಳಲು ನನಗೆ ಬಹಳ ಕಷ್ಟವಾಯಿತು. ಆದರೂ ಅಲ್ಲಿಂದಲೇ ನಮ್ಮ ಮೇಲಿನ ಸರ್‌ಗೆ ಫೋನ್ ಮಾಡಿ ಇದ್ದದ್ದು ಇದ್ದಹಾಗೆ ಹೇಳಿದೆ. ಇವಳು ತಂಗಿ, ಅಕ್ಕನಿಗಿಂತ ಕುಳ್ಳಗಿದ್ದಾಳೆ, ಎತ್ತರ ಕಡಿಮೆಯಾಗಲು ಸಾಧ್ಯವಿಲ್ಲ ಎಂದು ಟ್ಯಾಬೇ ತಕರಾರು ಮಾಡುತ್ತಿದೆ.

"ನಮ್ಮ ಸರ್ವೆಯಲ್ಲಿ ತಂಗಿ ಅನ್ನೋರು ಇಲ್ಲಮ್ಮ" ಎಂದರು ಸರ್. "ನೀವು ಅಳೆದದ್ದು ತಪ್ಪಿರುತ್ತೆ. ನಾನೇ ಸರಿ ಮಾಡ್ತೀನಿ." ಅಷ್ಟು ದೂರದಲ್ಲಿ ಕೂತೇ ಹುಡುಗಿಯನ್ನು ಎತ್ತರ ಮಾಡಿದರು.

ಫೋನಿನ ಮಾತು ಕೇಳಿಸಿಕೊಂಡ ತಾಯಿ ಆಕಾಶಕ್ಕೆ ಕೈ ಮುಗಿದರು: "ಮನೆದೇವ್ರಿಗೂ ಆಗದ ಕೆಲ್ಸ ಮಾಡಿದ್ರು ನೋಡ್ರಿ ನಿಮ್ ಸಾರು!"

ಜ್ವರ ಮತ್ತು ಮಾತ್ರೆ

ಚಳ್ಳಕೆರೆಯಲ್ಲಿ ಸಭೆ. ಪರದೆಯ ಮೇಲೆ ಚಿತ್ರ ಬಂತು: ಆ ಊರಿನ ಹುಡುಗಿಯರೆಲ್ಲ ಓದುತ್ತಿದ್ದಾರೆ, ಒಬ್ಬಳೂ ಕಾಲೇಜು ಬಿಟ್ಟಿಲ್ಲ. ಚಪ್ಪಾಳೆ. ಅಧಿಕಾರಿಯೊಬ್ಬರು ಎದ್ದು, "ಸಮಸ್ಯೆಯೇ ಇಲ್ಲವೆಂದು ಸಾಬೀತಾಗಿದೆ. ಇನ್ನು ಆ ಬಸ್ಸು ಯಾಕೆ?" ಎಂದರು.

ನನಗೆ ತಡೆಯಲಾಗಲಿಲ್ಲ. "ಬಸ್ಸಿದೆ ಅಂತಲೇ ಓದ್ತಿರೋದು ಸರ್!" ಎಂದು ಕೂಗಿದೆ.

ಅವರು ಮಗುವಿಗೆ ಬುದ್ಧಿ ಹೇಳುವಂತೆ ನಕ್ಕರು. "ಜ್ವರ ಬಿಟ್ಟ ಮೇಲೆ ಮಾತ್ರೆ ನುಂಗ್ತಾರೇನಮ್ಮ?"

ಬಸ್ಸು ನಿಂತಿತು. ನಮಗೆಲ್ಲ ಆಮೇಲೆ ಒಳ್ಳೆಯ ಊಟವಿತ್ತು.

ಮೂರನೇ ಸರ್ವೆ

ಆ ಊರಲ್ಲಿ ಹುಡುಗಿಯರು ಮತ್ತೆ ಯಾಕೆ ಕಾಲೇಜು ಬಿಡುತ್ತಿದ್ದಾರೆ ಎಂಬ ಹೊಸ ಸಂಶೋಧನೆ ಬಂತು. ಹೋದೆ. ಅದೇ ಮಗ್ಗ, ಅದೇ ಗುಂಡಿ. ಅಕ್ಕನ ಜಾಗದಲ್ಲಿ ತಂಗಿ.

ಟ್ಯಾಬ್ ಈಗ ಸುಧಾರಿಸಿತ್ತು. 'ಬಸ್ಸಿನ ಕೊರತೆ' ಎಂಬ ಉತ್ತರವನ್ನು ಎಲ್ಲಕ್ಕಿಂತ ಮೇಲೆ ಸೇರಿಸಿದ್ದರು. ಅವಳಿಗೆ ತೋರಿಸಿದೆ. "ನಮ್ಮಕ್ಕ ಹೇಳಿದ್ದು ಈಗ ಬಂತಾ?" ಎಂದು ನಕ್ಕಳು. ಆ ನಗುವಿಗೆ ನನ್ನ ಕಣ್ಣು ತುಂಬಿತು.

ಎತ್ತರ ಅಳೆಯಲು ಅಳತೆ ಪಟ್ಟಿ ತೆಗೆದೆ. ಅವಳ ತಾಯಿ ಒಳಗಿಂದ ಚಹಾ ತಂದು ನನ್ನ ಮುಂದಿಟ್ಟು, ಶಾಂತವಾಗಿಯೇ ಹೇಳಿದರು:

"ಎತ್ತರ ನಿಮ್ ಸಾರೇ ಎಷ್ಟು ಬೇಕೋ ಅಷ್ಟು ಹಾಕ್ಕೊಳ್ಳಲಿ ಮೇಡಂ. ಈ ಸಲ ತಂದು ನಿಲ್ಸೋಕೆ ನಂಗೆ ಇನ್ನೊಬ್ಳು ಮಗಳಿಲ್ಲ."