ಕೊಂಬಿನವನ ಬದು

ನಿವೃತ್ತಿಯಾದ ಮೇಲೆ ಏನೂ ನಡೆಯುವುದಿಲ್ಲ ಅನ್ನುವವರು ಇನ್ನೂ ನಿವೃತ್ತರಾಗಿರಲಿಕ್ಕಿಲ್ಲ. ನನಗಂತೂ ಕೂತಲ್ಲಿಗೇ ಒಂದಿಲ್ಲೊಂದು ಬಂದು ಗಂಟು ಬೀಳುತ್ತದೆ. ಮೂವತ್ತೆರಡು ವರ್ಷ ಸರ್ವೇಯರ್ ಆಗಿ ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಹೊಲಗಳಲ್ಲಿ ಸರಪಳಿ ಎಳೆಸಿದವನು ನಾನು. ಈಗ ಗಂಗಾವತಿಯಲ್ಲಿ ಮನೆ ಮಾಡಿಕೊಂಡು ಕಂಪ್ಯೂಟರ್ ಮುಂದೆ ಕೂಡುತ್ತೇನೆ. ಹೋದ ತಿಂಗಳು ಅಲ್ಲಿಯೂ ಒಂದು ಬದುವಿನ ತಂಟೆ ಬಂತು.

೧. ರಾಜ್ಯ ಸಿಕ್ಕಿದ್ದು

ಕಂಪ್ಯೂಟರ್ ಅಂಗಡಿಯ ಭಾಯಿ ನನ್ನ ಹಳೆಯ ಪರಿಚಯದವನು. ಇಸ್ಪೀಟಿನ ಆಟ ತೆರೆಯುತ್ತಿಲ್ಲ ಎಂದು ಹೋಗಿ ಕೇಳಿದೆ.

"ಎಷ್ಟು ದಿನ ಎಲಿ ಆಡ್ತೀರಿ ಸರ್? ಇದನ್ನ ಹಾಕಿ ಕೊಡ್ತೀನಿ ನೋಡ್ರಿ," ಎಂದು ಒಂದು ಆಟ ತೋರಿಸಿದ. "ಇದರಾಗ ಒಂದು ರಾಜ್ಯನ ಐತಿ. ಊರು ಅದಾವು, ಮಂದಿ ಅದಾರ, ರಾಕ್ಷಸರು ಅದಾರ. ನೀವ ವೀರ. ನೀವು ಏನು ನಿರ್ಧಾರ ಮಾಡ್ತೀರೋ ಅದರಂಗ ಕತಿ ನಡೀತೈತಿ."

ಮೂವತ್ತೆರಡು ವರ್ಷದ ನೌಕರಿಯಲ್ಲಿ ನಾನು ನಿರ್ಧಾರ ಮಾಡಿದಂತೆ ಒಂದೂ ನಡೆದಿರಲಿಲ್ಲ. ತಕ್ಷಣ ಹಾಕಿಸಿಕೊಂಡೆ.

೨. ಬಾವಿಯ ಮುದುಕಿ

ಮೊದಲ ಊರು ಚೆಂದ ಇತ್ತು. ಹಂಚಿನ ಮನೆಗಳು, ಬಾವಿ, ಬಾವಿಯ ಹತ್ತಿರ ಒಬ್ಬ ಮುದುಕಿ. ಬೇರೆ ಊರಿಗೆ ಹೋದಾಗ ಮೊದಲು ಮುದುಕರನ್ನು ಮಾತಾಡಿಸುವುದು ನನ್ನ ವೃತ್ತಿಯ ರೂಢಿ. ಯಾವ ಕಲ್ಲು ಎಲ್ಲಿ ಇತ್ತು ಎಂಬುದು ನಕ್ಷೆಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಮುದುಕಿಯ ಮೇಲೆ ಮೌಸ್ ಒತ್ತಿದೆ. "ಉತ್ತರದ ಕಾಡಿನಲ್ಲಿ ಅಪಾಯವಿದೆ, ವೀರನೇ," ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಎಂಥ ಅಪಾಯ, ಯಾವಾಗಿನಿಂದ ಎಂದು ಕೇಳೋಣವೆಂದು ಮತ್ತೆ ಒತ್ತಿದೆ. "ಉತ್ತರದ ಕಾಡಿನಲ್ಲಿ ಅಪಾಯವಿದೆ, ವೀರನೇ." ಬೆಳಗಿನಿಂದ ಊಟದ ಹೊತ್ತಿನವರೆಗೆ ಒತ್ತಿದೆ. ಕಮ್ಮಾರನೂ ಹಾಗೇ, ಗೌಡನೂ ಹಾಗೇ. ತಲೆಗೊಂದು ಮಾತು, ಅದರಾಚೆ ಇಲ್ಲ.

ಬೆನ್ನ ಹಿಂದೆ ನಿಂತು ನೋಡುತ್ತಿದ್ದ ನಮ್ಮ ಮನೆಯಾಕೆ ಸಮಾಧಾನದಿಂದ ಹೇಳಿದಳು:

"ಆಕೀದು ಏನೂ ತಪ್ಪಿಲ್ಲ ಬಿಡ್ರಿ. ನಿಮ್ಮ ಮಾತಿಗೆ ಒಂದ ಉತ್ತರ ಇಟ್ಕೊಂಡು ಬಾಳೇವು ಮಾಡೋದು ನಾನೂ ಮೊದಲನೇ ವರ್ಷನ ಕಲ್ತೀನಿ."

೩. ಹೆಸರು ಹೇಳದ ರಾಕ್ಷಸ

ಉತ್ತರದ ಕಾಡಿಗೆ ಹೋದೆ. ಕಾಡಿನ ಬಾಯಲ್ಲೇ ಕೊಂಬಿನವನೊಬ್ಬ ಗಂಡುಗೊಡಲಿ ಹಿಡಿದು ನಿಂತಿದ್ದ.

ಇಲ್ಲಿ ಇರಕಲ್ಲಗಡದ ಕಡೆಯ ಒಂದು ಸಂಗತಿ ಹೇಳಬೇಕು. ಅಣ್ಣ ತಮ್ಮಂದಿರಿಗೆ ಮೊಳದಗಲದ ಬದುವಿನ ಜಗಳ. ನಾನು ಅಳೆಯಲು ಹೋದ ದಿನವೇ ಅಣ್ಣ ಕೊಡಲಿ ಎತ್ತಿದ. ಎತ್ತಿದವನು ಹೊಡೆಯಲಿಲ್ಲ. ಎತ್ತಿಕೊಂಡೇ ಅಜ್ಜನ ಕಾಲದಿಂದ ಹೇಳತೊಡಗಿದ: ಯಾರು ಕಲ್ಲು ನೆಟ್ಟರು, ಯಾರು ಕಿತ್ತರು, ಯಾವ ಮದುವೆಯಲ್ಲಿ ಯಾರನ್ನು ಊಟಕ್ಕೆ ಕರೆಯಲಿಲ್ಲ. ನಾನು ಕೂತು ಬರೆದುಕೊಂಡೆ. ನಡುವೆ ಚಹಾ ಬಂತು. ಕತೆ ಅಪ್ಪನ ಕಾಲಕ್ಕೆ ಬರುವಷ್ಟರಲ್ಲಿ ಅವನ ರಟ್ಟೆ ಸೋತಿತು. ಕೊಡಲಿ ಕೆಳಗಿಟ್ಟು, ಚಹಾ ಕುಡಿದು, ತಮ್ಮನನ್ನೇ ಕೇಳಿದ: "ಎಲ್ಲಿತನಕ ಹೇಳಿದ್ನಿ?"

ನಮ್ಮ ಕಡೆ ಹೊಡೆದಾಟ ಅಂದರೆ ಇದು. ದೊಡ್ಡಾಟದ ರಾಕ್ಷಸನೂ ರಂಗಕ್ಕೆ ಬಂದರೆ ತಾನು ಯಾರು, ಎಲ್ಲಿಯವನು ಎಂದು ಹೇಳಲು ಅರ್ಧ ತಾಸು ತೆಗೆದುಕೊಳ್ಳುತ್ತಾನೆ. ಆದ್ದರಿಂದ ನಾನು ಕೊಂಬಿನವನ ಮುಂದೆ ಹೋಗಿ, ಕೀಲಿಮಣೆಯಿಂದ ಕೈ ತೆಗೆದು, ಅವನು ಬಾಯಿ ಬಿಡಲೆಂದು ಕಾದೆ.

ಪರಿಚಯ ಆಗುವ ಮೊದಲೇ ನಾನು ಸತ್ತಿದ್ದೆ.

೪. ಕಟ್ಟೆಯ ಮೇಲೆ

ಸಂಜೆ ವಾಕಿಂಗ್ ಮುಗಿಸಿ ಬೇವಿನಮರದ ಕಟ್ಟೆಗೆ ಐದಾರು ಮಂದಿ ಕೂಡುತ್ತೇವೆ. ಎಲ್ಲರೂ ನಿವೃತ್ತರು. ಅವರಲ್ಲಿ ನನ್ನ ಆಟದ ಬಗ್ಗೆ ಭಾಳ ಆಸಕ್ತಿ ಇದ್ದದ್ದು ಬಸ್ ಕಂಡಕ್ಟರ್ ಆಗಿದ್ದವರಿಗೆ.

"ಕತಿ ಏನಾತ್ರಿ ಸರ್?" ಎಂದು ಕೇಳಿದರು.

ಆ ಹೊತ್ತಿಗೆ ನಾನು ಕೊಂಬಿನವನನ್ನೂ ಇನ್ನೂರು ಜನ ಹೆಸರಿಲ್ಲದವರನ್ನೂ ಕಡಿದು ಮುಗಿಸಿದ್ದೆ. ನಡೆದೆ, ಕಡಿದೆ, ನಡೆದೆ, ಕಡಿದೆ. ಇದನ್ನು ಕಟ್ಟೆಗೆ ಹೇಳುವುದು ಹೇಗೆ? ಕೊಂಬಿನವನು ಮುದುಕಿಯ ಮೈದುನ ಎಂದುಬಿಟ್ಟೆ. ಕಾಡಿನ ಬಾಯಲ್ಲಿರುವುದು ಬದು. ಮುದುಕಿಯ ಗಂಡ ಯಾವಾಗಲೋ ಕಲ್ಲು ಸರಿಸಿದ್ದ, ಕೊಂಬಿನವನು ಪಾಪ ತನ್ನ ಹೊಲ ಕಾಯುತ್ತಿದ್ದಾನೆ.

"ಕೊಂಬು ಯಾಕ ಬಂದ್ವು ಮತ್ತ?" ಒಬ್ಬರು ಕೇಳಿದರು.

"ಕೋರ್ಟಿಗೆ ಅಡ್ಡಾಡಿ," ಎಂದರು ಕಂಡಕ್ಟರ್. ಎಲ್ಲರೂ ಒಪ್ಪಿ ತಲೆಯಾಡಿಸಿದರು.

ಎರಡು ವಾರ ನಡೆಯಿತು. ಮಳೆ ಹನಿದರೂ ಯಾರೂ ಏಳಲಿಲ್ಲ. ನಾನು ಬಾಯಿ ತೆರೆಯುವುದನ್ನು ಐದು ಮಂದಿ ಕಾಯುವುದು ನನಗೆ ಹೊಸದು. ಅದು ಹೋದರೆ ಮತ್ತೆ ಬಾವಿಯ ಮುದುಕಿಯೇ ಗತಿ. ಕೊನೆಗೆ ಕಂಡಕ್ಟರ್, "ಬದು ಯಾರಿಗೆ ಅನ್ನೋದು ಒಂದು ಆಗಲೇಬೇಕ್ರಿ ಸರ್," ಎಂದು ಹಟ ಹಿಡಿದರು. ಸೋಮವಾರ ಸಂಜೆ ತೀರ್ಪು ಎಂದು ಮಾತು ಕೊಟ್ಟೆ. ಆಟದ ಕೊನೆಯಲ್ಲಾದರೂ ಒಂದು ಕತೆ ಇದ್ದೀತು, ಅದನ್ನೇ ಎತ್ತಿ ಹೇಳಿದರಾಯಿತು ಎಂಬ ಧೈರ್ಯ.

ಭಾನುವಾರ ಆಟ ಮುಗಿಯಿತು. ಎಲ್ಲರಿಗಿಂತ ದೊಡ್ಡ ರಾಕ್ಷಸ ಬಿದ್ದ. ಪರದೆಯ ಮೇಲೆ ಎರಡೇ ಸಾಲು: "ನೀವು ಗೆದ್ದಿರಿ. ಇನ್ನೂ ಬಲವಾದ ರಾಕ್ಷಸರೊಂದಿಗೆ ಮತ್ತೆ ಮೊದಲಿನಿಂದ ಆಡುವಿರಾ?"

ನಿವೃತ್ತಿಯ ದಿನ ನಮ್ಮ ಸಾಹೇಬರು ಶಾಲು ಹೊದಿಸಿ ಇದಕ್ಕಿಂತ ನಾಲ್ಕು ಮಾತು ಹೆಚ್ಚು ಹೇಳಿದ್ದರು.

೫. ತೀರ್ಪು

ಸೋಮವಾರ ಬೆಳಿಗ್ಗೆ ಭಾಯಿಯ ಅಂಗಡಿಗೆ ತಕರಾರು ಹೇಳಲು ಹೋದೆ. ಎಂಥ ಆಟ ಕೊಟ್ಟೆಪಾ, ಇದರಾಗ ಮನುಷ್ಯರ ಇಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ ಸೊಸೆಯ ಲ್ಯಾಪ್‌ಟಾಪ್ ಬಗಲಲ್ಲಿ ಹಿಡಿದು ಕಂಡಕ್ಟರ್ ಬಂದರು. ಸೋಮವಾರದವರೆಗೆ ತಡೆಯಲಾಗದೆ ತಾವೂ ಶನಿವಾರವೇ ಅದೇ ಆಟ ಹಾಕಿಸಿಕೊಂಡು ಹೋಗಿದ್ದರಂತೆ.

"ಭಾಯಿ, ನನಗ ಕೊಟ್ಟಿದ್ದು ಕೆಟ್ಟೈತಿ," ಎಂದರು. "ಮುದುಕಿ ಒಂದ ಮಾತು ಆಡ್ತಾಳ. ಸರ್ ಅವರದ್ರಾಗ ಆಕಿ ತನ್ನ ಮದುವಿ ಸುದ್ದಿ ತನಕ ಹೇಳ್ಯಾಳ. ನನಗ ಅವರದ್ರಾಗಿಂದ ಕಾಪಿ ಮಾಡಿ ಕೊಡ್ರಿ."

ಭಾಯಿ ನನ್ನನ್ನು ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ವ್ಯಾಪಾರಸ್ಥ, ತಿಳಿದುಕೊಂಡ.

"ಸರ್ ಅವರದ್ರಾಗಿಂದ ಕಾಪಿ ಆಗಂಗಿಲ್ರಿ," ಎಂದ.

ಕಂಡಕ್ಟರ್ ಸ್ಟೂಲ್ ಮೇಲೆ ಕುಸಿದರು. "ಕೊಂಬಿನವನ ಮ್ಯಾಲೆ ಕೈ ಎತ್ತಾಕ ಮನಸ್ಸು ಬರವಲ್ದ್ರಿ ಸರ್. ಅವನ ಕಡೆ ನ್ಯಾಯ ಐತಿ ಅಂತ ಗೊತ್ತಿದ್ದೂ ಹೆಂಗ ಹೊಡೀಲಿ? ಸುಮ್ಮನ ಮುಂದ ಹೋಗಿ ನಿಂದರ್ತೀನಿ, ಕಡೀತಾನ. ಎರಡು ದಿನದಾಗ ನಲವತ್ತು ಸಲ ಸತ್ತೀನಿ. ನಿಮ್ಮದ್ರಾಗ ಏನಾತು, ಅದನ್ನರ ಹೇಳ್ರಿ."

ಎರಡನೆಯ ದಿನವೇ ನಾನು ಅವನನ್ನು ಎರಡು ಏಟಿಗೆ ಮುಗಿಸಿದ್ದೆ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

"ಅಳತಿ ಆತು," ಎಂದೆ. "ಹಳೇ ಕಲ್ಲು ಸಿಕ್ತು. ಬದು ಕೊಂಬಿನವಂದ."

ಕಂಡಕ್ಟರ್ ಕಣ್ಣು ಮುಚ್ಚಿ ಕೈ ಮುಗಿದರು. ಆಮೇಲೆ ಲ್ಯಾಪ್‌ಟಾಪ್ ತೆರೆದು ಭಾಯಿಯ ಮುಂದೆ ಸರಿಸಿದರು.

"ಹಂಗಾದ್ರ ಇದನ್ನ ಅಳಿಸಿಬಿಡ್ರಿ ಭಾಯಿ. ತೀರ್ಪು ಅವನ ಕಡೆ ಆದ ಮ್ಯಾಲೂ ನನ್ನ ಕಡಿಯೋದು ಅವಂಗ ಶೋಭಾ ಅಲ್ಲ."