ಮಾವ ನುಂಗಿದ ಶಂಖ

ಈ ವರ್ಷ ನನ್ನ ಹೆಸರನ್ನು ಪ್ರಾಣಿಶಾಸ್ತ್ರದ ಪುಸ್ತಕಕ್ಕೆ ಸೇರಿಸಿಯೇ ತೀರುವುದೆಂದು ನಿರ್ಧರಿಸಿದ್ದೆ! ಹೊನ್ನಾವರದ ಕಚೇರಿಯೊಂದರಲ್ಲಿ ಟಪಾಲಿಗೆ ಮುದ್ರೆ ಒತ್ತುವ ಈ ವೆಂಕಟ ವಿಜ್ಞಾನಿಯಾಗಬಾರದೆಂದು ಯಾವ ಕಾನೂನಿನಲ್ಲಿದೆ? ಶನಿವಾರ ಮಂಕಿಯ ಕಡಲತೀರದಲ್ಲಿ ಸಿಕ್ಕಿತ್ತು ನೋಡಿ, ಸಾಬಕ್ಕಿ ಕಾಳಿಗಿಂತ ಚಿಕ್ಕದೊಂದು ಬಿಳಿಯ ಶಂಖ! ಒಳಗಿನ ಹುಳ ಎಂದೋ ಮನೆ ಖಾಲಿ ಮಾಡಿತ್ತು. ಫೋಟೋ ಕಳಿಸಿದೆ. ಕುಮಟೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಸಂಜಯ ಸರ್, "ಇಂಥದ್ದು ನಾನು ಕಂಡಿಲ್ಲ. ನಾಳೆ ನಾಲ್ಕಕ್ಕೆ ಬರ್ತೇನೆ, ಜೋಪಾನ!" ಎಂದರು. ನಾನು ಆಗಲೇ 'ವೆಂಕಟೆನ್ಸಿಸ್' ಎಂದು ನಾಮಕರಣವನ್ನೂ ಮುಗಿಸಿ ಅವರಿಗೆ ತಿಳಿಸಿಬಿಟ್ಟೆ.

ಜೋಪಾನವಾಗಿ ಇಟ್ಟದ್ದೆಲ್ಲಿ? ನಮ್ಮಲ್ಲಿಗೆ ಬಂದಿದ್ದ ಮಾವ ದೇವಪ್ಪನವರ ಖಾಲಿ ಹೋಮಿಯೋಪತಿ ಶೀಸೆಯಲ್ಲಿ, ಫ್ರಿಜ್ಜಿನ ಮೇಲೆ.

ಭಾನುವಾರ ಬೆಳಿಗ್ಗೆ ನೋಡಿದರೆ ಶೀಸೆ ಬರಿದು!

"ಮಾಲಿನೀ, ಇದರಲ್ಲಿದ್ದದ್ದು ಎಲ್ಲಿ?"

"ಅದಾ? ಒಂದೇ ಗುಳಿಗೆ ಉಳ್ದಿತ್ತು. ಅಪ್ಪ ಬಾಯಿಗೆ ಹಾಕ್ಕಂಡ್ರು," ಎಂದಳು ನನ್ನ ಹೆಂಡತಿ, ದೋಸೆ ಮಗುಚುತ್ತ.

ಅಯ್ಯೋ! ನನ್ನ ಕೀರ್ತಿಯ ಶಂಖವನ್ನು ಊದುವ ಮೊದಲೇ ನುಂಗಿಬಿಟ್ಟರಲ್ಲ! ಹೇಳಿದರೆ ನನ್ನ ಮಾನ ಹೋಗುತ್ತದೆ, ಹೇಳದಿದ್ದರೆ ಮಾವನ ಕರುಳು ಹೋದೀತು! ಕೂತಲ್ಲಿ ಕೂರಲಾಗಲಿಲ್ಲ. ಜಗಲಿಯಿಂದ ಹಿತ್ತಲಿಗೆ, ಹಿತ್ತಲಿನಿಂದ ಜಗಲಿಗೆ ಸುತ್ತಿದೆ.

"ಮಾವ, ಹೊಟ್ಟೆ ಹೇಗಿದೆ?"

"ಅಡ್ಡಿಲ್ಲ."

ಹತ್ತು ನಿಮಿಷಕ್ಕೊಮ್ಮೆ ಅದೇ ಪ್ರಶ್ನೆ, ಅದೇ ಉತ್ತರ. ನಾಲ್ಕು ಬಾಳೆಹಣ್ಣು ತಿನ್ನಿಸಿದೆ. ಅವರು ಎದ್ದರೆ ಎದ್ದೆ. ಬಚ್ಚಲಿಗೆ ಹೋದರೆ ಬಾಗಿಲಲ್ಲಿ ಕಾವಲು ನಿಂತೆ!

ಮಾಲಿನಿಯ ಕಣ್ಣು ಒದ್ದೆಯಾಯಿತು. "ಅಪ್ಪನ್ನ ಕಂಡ್ರೆ ನಿಮ್ಗೆ ಇಷ್ಟು ಪ್ರೀತಿ ಅಂತ ಗೊತ್ತೇ ಇರ್ಲಿಲ್ಲ!" ಎಂದು ಊಟಕ್ಕೆ ಎರಡು ಹುರಿದ ಬಂಗುಡೆ ಮೀನು ಹೆಚ್ಚಿಗೆ ಬಡಿಸಿದಳು.

ಸರಿಯಾಗಿ ನಾಲ್ಕಕ್ಕೆ ಸಂಜಯ ಸರ್ ಭೂತಗನ್ನಡಿ ಹಿಡಿದುಕೊಂಡೇ ಒಳಗೆ ಬಂದರು. "ಎಲ್ಲಿ ನಿಮ್ಮ ವೆಂಕಟೆನ್ಸಿಸ್?"

ನಾನು ತಲೆ ತಗ್ಗಿಸಿ ಮಾವನ ಹೊಟ್ಟೆಯತ್ತ ಬೆರಳು ತೋರಿಸಿದೆ. ಎಲ್ಲವನ್ನೂ ಒಪ್ಪಿಕೊಂಡೆ.

"ಹಂಗಾರೆ ಬೆಳಗಿಂದ ನೀವು ವಿಚಾರಿಸಿದ್ದು ಅಪ್ಪನ್ನಲ್ಲ, ಶಂಖಾನ!" ಮಾಲಿನಿಯ ಒದ್ದೆ ಕಣ್ಣು ಈಗ ಕೆಂಡ.

ಮಾವ ಮಾತ್ರ ನಗುತ್ತಿದ್ದರು. "ನಲವತ್ತು ವರ್ಷ ದೋಣಿ ನಡೆಸಿದವ ನಾನು. ಗುಳಿಗೆ ಯಾವ್ದು, ಶಂಖ ಯಾವ್ದು ನಾಲಗೆಗೆ ತಿಳೂದಿಲ್ವಾ? ಬಾಯಿಗೆ ಹಾಕ್ದ ಕೂಡ್ಲೆ ಹಿತ್ಲಿಗೆ ಉಗಿದೆ."

"ಬೆಳಿಗ್ಗೆಯೇ ಹೇಳಬಾರದಿತ್ತೇ ಮಾವ?"

"ಹೇಳುವಾ ಅಂತ್ಲೇ ಒಳಗೆ ಬಂದೆ. ಅಷ್ಟ್ರಲ್ಲಿ ನೀವು 'ಹೊಟ್ಟೆ ಹೇಗಿದೆ' ಅಂತ ಕೇಳಿದ್ರಿ. ಅಳಿಯಂದ್ರಾಗಿ ಹನ್ನೆರಡು ವರ್ಷ ಆತು, ಒಂದಿನ ಕೇಳಿದವ್ರಲ್ಲ. ಇನ್ನೆರಡು ಸಲ ಕೇಳ್ಲಿ ಅಂತ ಸುಮ್ನಿದ್ದೆ!"